ಕಲನಗಣಿತದ ಒಂದು ಹಳೆಯ ವ್ಯಾಜ್ಯ



1712ನೆಯ ಇಸವಿ ಏಪ್ರಿಲ್ 24ನೆಯ ದಿನ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಒಂದು ವರದಿ ಬಂದಿತು. ಕಲನಗಣಿತವೆಂದು ನಾವು ಇಂದು ಕರೆಯುವ ಶಾಸ್ತ್ರವನ್ನು ಮೊಟ್ಟಮೊದಲು ಕಂಡವನು ಇಂಗ್ಲೆಂಡಿನ ಐಸಾಕ್ ನ್ಯೂಟನ್ನನೋ, ಜರ್ಮನಿಯ ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸನೋ ಎಂಬ ವಿವಾದವನ್ನು ವಿಚಾರಿಸುವುದಕ್ಕಾಗಿ ನೇಮಿಸಿದ್ದ ಸಮಿತಿಯ ವರದಿ ಅದು. ನ್ಯೂಟನ್ನನೇ ಪ್ರಥಮ ಶೋಧಕನೆಂದೂ, ಲೈಬ್ನಿಟ್ಸನ ವಿರುದ್ಧ ಆಕ್ಷೇಪವನ್ನೆತ್ತಿದ್ದ ಜಾನ್ ಕೀಲನ ಮಾತಿನಲ್ಲಿ ಅನ್ಯಾಯವೇನೂ ಇಲ್ಲವೆಂದೂ ಸಮಿತಿ ನಿರ್ಣಯಿಸಿತ್ತು. ಸಮಿತಿ ನೇಮಕವಾದದ್ದು ಅದೇ ವರ್ಷದ ಮಾರ್ಚಿಯಲ್ಲಿ. ಅದರ ಮೂವರು ಸದಸ್ಯರಾದರೋ ವರದಿಯನ್ನೊಪ್ಪಿಸುವುದಕ್ಕೆ ಒಂದೇ ವಾರ ಮುಂಚೆ ಬಂದು ಸೇರಿಕೊಂಡವರು. ಲೈಬ್ನಿಟ್ಸನ ಹೇಳಿಕೆಯನ್ನು ಅವರು ಕೇಳಿ ತರಿಸಲಿಲ್ಲ. ಆಗ ಸೊಸೈಟಿಯ ಅಧ್ಯಕ್ಷಪೀಠದಲ್ಲಿದ್ದವನು ನ್ಯೂಟನ್. ವರದಿಯ ಕರಡು ನ್ಯೂಟನ್ನನ ಕೈಬರಹದಲ್ಲಿಯೇ ಉಳಿದುಬಂದಿದೆ. ಕಕ್ಷಿಗಾರನೇ ತೀರ್ಪನ್ನು ಬರೆದುಕೊಂಡ ಇಂಥ ಮೊಕದ್ದಮೆ ವಿದ್ವತ್ಪ್ರಪಂಚದಲ್ಲಿ ವಿರಳ.

ವ್ಯಾಜ್ಯಕ್ಕೆ ವಸ್ತುವಾದ ಆ ಶಾಸ್ತ್ರವಾದರೂ ಯಾವುದು? ಗಣಿತದ ಗಂಧವಿಲ್ಲದವರೂ ಗ್ರಹಿಸಬಹುದಾದ ಎರಡು ಪ್ರಶ್ನೆಗಳಲ್ಲಿ ಅದರ ಬೀಜವಿದೆ. ಕ್ಷಣಕ್ಷಣಕ್ಕೂ ವೇಗವನ್ನು ಬದಲಿಸುತ್ತ ಸಾಗುವ ಗ್ರಹವೊಂದರ ವೇಗ ಈ ಒಂದು ಕ್ಷಣದಲ್ಲಿ ಎಷ್ಟು? ಇದು ಮೊದಲನೆಯದು, ವಕ್ರರೇಖೆಯೊಂದಕ್ಕೆ ಒಂದು ಬಿಂದುವಿನಲ್ಲಿ ಸ್ಪರ್ಶರೇಖೆಯನ್ನೆಳೆಯುವ ಪ್ರಶ್ನೆಯೂ ತತ್ತ್ವತಃ ಇದೇ. ಇನ್ನು ಎರಡನೆಯದು, ವಕ್ರರೇಖೆಯಿಂದ ಆವೃತವಾದ ಕ್ಷೇತ್ರದ ವಿಸ್ತೀರ್ಣವೆಷ್ಟು ಎಂಬುದು. ಆರ್ಕಿಮಿಡೀಸನು ಎರಡು ಸಾವಿರ ವರ್ಷಗಳ ಹಿಂದೆಯೇ ಪರವಲಯದ ಖಂಡವೊಂದರ ಕ್ಷೇತ್ರಫಲವನ್ನು ಸಾಧಿಸಿ ತೋರಿಸಿದ್ದನು. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಕವಲಿಯೇರಿ, ಫ್ರಾನ್ಸಿನ ಫರ್ಮಾ, ಇಂಗ್ಲೆಂಡಿನ ವಾಲಿಸ್, ನ್ಯೂಟನ್ನನಿಗೆ ಹಿರಿಯನಾಗಿದ್ದ ಬ್ಯಾರೋ, ಇವರೆಲ್ಲ ಒಂದೊಂದು ರೇಖೆಗೆ ಒಂದೊಂದು ಉಪಾಯವನ್ನು ಹೂಡಿ ಬಹುದೂರ ಬಂದಿದ್ದರು. ಆದರೆ ಈ ಎರಡು ಪ್ರಶ್ನೆಗಳೂ ಒಂದಕ್ಕೊಂದು ವಿಲೋಮವಾದುವೆಂಬುದನ್ನು ಇಡಿಯ ಶಾಸ್ತ್ರದ ಅಡಿಗಲ್ಲಾಗಿಟ್ಟು, ಯಾವ ರೇಖೆ ಎದುರಾದರೂ ಅಂಜದೆ ಅನ್ವಯಿಸಬಹುದಾದ ಸಾಮಾನ್ಯ ನಿಯಮಗಳನ್ನು ಕಟ್ಟುವ ಕೆಲಸ ಉಳಿದಿತ್ತು. ಅದನ್ನು ಮಾಡಿದವರು ಇಬ್ಬರು. ಒಬ್ಬೊಬ್ಬನೂ ತನ್ನಷ್ಟಕ್ಕೆ ತಾನು ಮಾಡಿದನು.

ಕೇಂಬ್ರಿಜ್ಜಿಗೆ 1665ರಲ್ಲಿ ಪ್ಲೇಗು ಬಂದು ವಿಶ್ವವಿದ್ಯಾಲಯವು ಮುಚ್ಚಿದಾಗ ನ್ಯೂಟನ್ನನು ಲಿಂಕನ್‌ಶೈರಿನ ತನ್ನ ಹಳ್ಳಿ ವುಲ್ಸ್‌ಥಾರ್ಪಿಗೆ ಹಿಂದಿರುಗಿದನು. 1666ರ ಅಕ್ಟೋಬರಿನಲ್ಲಿ ಅವನು ಬರೆದಿಟ್ಟ ಪ್ರಬಂಧದಲ್ಲಿ ಕಲನಗಣಿತವು ಆಕಾರ ತಳೆದು ನಿಂತಿದೆ. ಅವನಿಗೆ ಆಗ 23 ವರ್ಷ. ಅನಂತ ಶ್ರೇಣಿಗಳನ್ನು ಕುರಿತ ಇನ್ನೊಂದು ಹಸ್ತಪ್ರತಿಯನ್ನು 1669ರಲ್ಲಿ ಬ್ಯಾರೋನ ಮೂಲಕ ಲಂಡನ್ನಿನ ಜಾನ್ ಕಾಲಿನ್ಸನಿಗೆ ಕಳುಹಿಸಿದನು. 1671ರಲ್ಲಿ ವಿಸ್ತಾರವಾದ ಗ್ರಂಥವನ್ನೇ ಬರೆದನು. ಆದರೆ ಅಚ್ಚಿಗೆ ಮಾತ್ರ ಒಂದನ್ನೂ ಕೊಡಲೊಲ್ಲನು. ಲಂಡನ್ನಿನ ಮಹಾದಹನದಲ್ಲಿ ನಷ್ಟವನ್ನನುಭವಿಸಿದ್ದ ಪುಸ್ತಕ ವ್ಯಾಪಾರಿಗಳು ಗಣಿತಗ್ರಂಥಗಳಿಗೆ ಕೈಹಾಕಲು ಹಿಂಜರಿಯುತ್ತಿದ್ದರೆಂಬುದು ನಿಜ. ಬೆಳಕಿನ ವಿಷಯದಲ್ಲಿ ತಾನು ಪ್ರಕಟಿಸಿದ ಸಿದ್ಧಾಂತಕ್ಕೆ ರಾಬರ್ಟ್ ಹುಕ್ ಮೊದಲಾದವರು ತೆಗೆದ ತಕರಾರುಗಳಿಂದ ಅವನ ಮನಸ್ಸು ರೋಸಿಹೋಗಿದ್ದುದೂ ನಿಜ. ಕಾರಣವೇನೇ ಇರಲಿ, 1669ರ ಹಸ್ತಪ್ರತಿ ಅಚ್ಚಾದದ್ದು 1711ರಲ್ಲಿ. 1671ರ ಗ್ರಂಥವು ಬೆಳಕು ಕಂಡದ್ದು 1736ರಲ್ಲಿ, ಗ್ರಂಥಕರ್ತನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಸ್ಥನಾಗಿ ಒಂಬತ್ತು ವರ್ಷ ಕಳೆದ ಮೇಲೆ. ಈ ವಿವಾದದ ಮೂಲದಲ್ಲಿರುವುದು ಯಾರ ಕಳವೂ ಅಲ್ಲ, ನ್ಯೂಟನ್ನನ ಈ ಬಚ್ಚಿಡುವ ಸ್ವಭಾವ ಎಂಬುದೇ ನನ್ನ ಅಭಿಪ್ರಾಯ.

ಲೈಬ್ನಿಟ್ಸನು ಲೈಪ್‌ಜಿಗ್ ನಗರದವನು, ನ್ಯೂಟನ್ನನಿಗಿಂತ ಮೂರು ವರ್ಷಗಳಷ್ಟು ಕಿರಿಯನು, ವೃತ್ತಿಯಿಂದ ನ್ಯಾಯಶಾಸ್ತ್ರಜ್ಞನು. ರಾಜಕಾರ್ಯದ ನಿಮಿತ್ತ 1672ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಅವನಿಗೆ ಉಚ್ಚಗಣಿತದ ಪರಿಚಯ ಬಹಳ ಸ್ವಲ್ಪ. ಅಲ್ಲಿ ಡಚ್ ವಿದ್ವಾಂಸನಾದ ಹೈಗೆನ್ಸನ ಮಾರ್ಗದರ್ಶನ ದೊರೆತ ಮೇಲೆ ಮೂರೇ ವರ್ಷಗಳಲ್ಲಿ ಅವನು ಶಿಷ್ಯತ್ವದಿಂದ ಆಚಾರ್ಯತ್ವಕ್ಕೆ ಏರಿದನು. 1675ರ ಅಕ್ಟೋಬರ್ ಕೊನೆ ಮತ್ತು ನವೆಂಬರಿನ ಮೊದಲ ದಿನಗಳಲ್ಲಿ ಅವನು ತನಗಾಗಿಯೇ ಬರೆದುಕೊಂಡ ಕಾಗದಗಳು ಹಾನೋವರಿನಲ್ಲಿ ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗೆರ್ಹಾರ್ಟ್ ಎಂಬ ಪಂಡಿತನು ಅವುಗಳನ್ನು ಹೊರತೆಗೆದು ಪ್ರಕಟಿಸಿದನು. ಮಹಾಪುರುಷನೊಬ್ಬನು ಎಡವುತ್ತ ಏಳುತ್ತ ನಡೆಯುವುದನ್ನು ಕಣ್ಣಾರೆ ಕಾಣಬೇಕೆಂಬವರು ಆ ಹಾಳೆಗಳನ್ನು ನೋಡಬೇಕು. ಎರಡು ರಾಶಿಗಳ ಗುಣಲಬ್ಧದ ಅವಕಲವು, ಎಂದರೆ ಅತಿಸೂಕ್ಷ್ಮ ವ್ಯತ್ಯಾಸವು, ಅವುಗಳ ಅವಕಲಗಳ ಗುಣಲಬ್ಧವೇ ಆಗಬಹುದೇ ಎಂದು ಅವನು ಅಲ್ಲಿ ಪ್ರಶ್ನಿಸಿಕೊಳ್ಳುತ್ತಾನೆ. ಇಂದಿನ ಕಾಲೇಜು ವಿದ್ಯಾರ್ಥಿ ಪರೀಕ್ಷೆಯಲ್ಲಿ ಮಾಡಿ ಅಂಕ ಕಳೆದುಕೊಳ್ಳುವ ತಪ್ಪೇ ಅದು. ಆಮೇಲೆ ಒಂದು ಉದಾಹರಣೆಯನ್ನು ತೆಗೆದುಕೊಂಡು ನೋಡಿ, ಆಗದು ಎಂದು ತಾನೇ ಮನಗಾಣುತ್ತಾನೆ. ಬೇರೊಬ್ಬನ ಗ್ರಂಥದಿಂದ ಕದ್ದವನ ಕಾಗದದಲ್ಲಿ ಇಂಥ ತೊಳಲಾಟ ಕಾಣಿಸುವುದಿಲ್ಲ.

ಮರುವರ್ಷ, ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗನ ಮೂಲಕ ಇಬ್ಬರ ನಡುವೆ ಪತ್ರವ್ಯವಹಾರವಾಯಿತು. 1676ರ ಅಕ್ಟೋಬರಿನ ಪತ್ರದಲ್ಲಿ ನ್ಯೂಟನ್ನನು ಶ್ರೇಣಿಗಳ ವಿಷಯವನ್ನು ವಿಸ್ತರಿಸಿ ಬರೆದು, ತನ್ನ ವಿಧಾನದ ಹೃದಯವಾದ ವಾಕ್ಯ ಬಂದೊಡನೆ ಅದನ್ನು ಅಕ್ಷರಗಳ ಒಗಟಾಗಿ ಮಾಡಿಬಿಟ್ಟನು. ಎ ಎಂಬ ಅಕ್ಷರ 6, ಸಿ 2, ಡಿ 1, ಇ 13, ಎಫ್ 2, ಹೀಗೆ ಲ್ಯಾಟಿನ್ ವಾಕ್ಯವೊಂದರ ಅಕ್ಷರಗಳನ್ನೆಲ್ಲ ಎಣಿಸಿ ಜೋಡಿಸಿಟ್ಟದ್ದು ಅದು. ಹರಿಯುವ ರಾಶಿಗಳಿರುವ ಸಮೀಕರಣವನ್ನು ಕೊಟ್ಟರೆ ಅವುಗಳ ಹರಿವಿನ ವೇಗವನ್ನು ಕಾಣುವುದು, ವೇಗವನ್ನು ಕೊಟ್ಟರೆ ರಾಶಿಗಳನ್ನು ಕಾಣುವುದು, ಇಷ್ಟೇ ಅದರ ತಾತ್ಪರ್ಯ. ಮುಂದೊಂದು ದಿನ ತಾನು ಮೊದಲು ಕಂಡೆನೆಂದು ಸಾಧಿಸುವುದಕ್ಕೆ ಇದು ಸಾಕು. ಓದಿದವನಿಗೆ ಏನಾದರೂ ತಿಳಿಯುವುದಕ್ಕೆ ಏನೇನೂ ಸಾಲದು. ಇದಕ್ಕೆ ಲೈಬ್ನಿಟ್ಸನು 1677ರ ಜೂನಿನಲ್ಲಿ ಬರೆದ ಉತ್ತರದಲ್ಲಿ ತನ್ನ ಅವಕಲನದ, ಎಂದರೆ ಮೊದಲನೆಯ ಪ್ರಶ್ನೆಯನ್ನು ಬಿಡಿಸುವ ಕ್ರಮದ, ನಿಯಮಗಳನ್ನು ಸಂಕೇತಸಹಿತವಾಗಿ ಮುಚ್ಚುಮರೆಯಿಲ್ಲದೆ ವಿವರಿಸಿದನು. ಈ ಎರಡು ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇಬ್ಬರ ಶೀಲವೂ ತಿಳಿಯುತ್ತದೆ. 1684ರ ಅಕ್ಟೋಬರಿನಲ್ಲಿ ಲೈಪ್‌ಜಿಗ್ಗಿನ ‘ಆಕ್ಟಾ ಎರುಡಿಟೋರುಂ’ ಎಂಬ ಪತ್ರಿಕೆಯಲ್ಲಿ ಲೈಬ್ನಿಟ್ಸನು ತನ್ನ ಅವಕಲನವನ್ನು ಪ್ರಕಟಿಸಿದನು; ವಿಸ್ತೀರ್ಣವನ್ನು ಕಾಣುವ ಅನುಕಲನವು ಅಚ್ಚಾದದ್ದು 1686ರಲ್ಲಿ.

ಹಾಗೆಂದು ಲೈಬ್ನಿಟ್ಸನು ಸರ್ವಥಾ ನಿರ್ದೋಷಿಯೆಂದು ನಾನು ವಾದಿಸಲಾರೆ. 1676ರಲ್ಲಿ ಲಂಡನ್ನಿಗೆ ಬಂದಾಗ ಕಾಲಿನ್ಸನು ತೋರಿಸಿದ ನ್ಯೂಟನ್ನನ ಹಸ್ತಪ್ರತಿಯನ್ನು ಅವನು ನೋಡಿದ್ದನು. ಅದರಿಂದ ಬರೆದುಕೊಂಡದ್ದು ಶ್ರೇಣಿಗಳ ಭಾಗವನ್ನು ಮಾತ್ರವೆಂಬುದೂ, ಕಲನವು ಅದಕ್ಕೆ ಮೊದಲೇ ಅವನ ಕೈಯಲ್ಲಿತ್ತೆಂಬುದೂ ಅವನ ಕಾಗದಗಳಿಂದಲೇ ಸ್ಪಷ್ಟವಾದರೂ, ನೋಡಿದ್ದ ಮಾತನ್ನು ಅವನು ಬಾಯಿಬಿಟ್ಟು ಆಡಲಿಲ್ಲ. 1684ರ ಲೇಖನದಲ್ಲಿ ನ್ಯೂಟನ್ನನ ಹೆಸರನ್ನೆತ್ತಲಿಲ್ಲ. ನ್ಯೂಟನ್ನನು 1704ರಲ್ಲಿ ತನ್ನ ಬೆಳಕಿನ ಗ್ರಂಥದ ಅನುಬಂಧವಾಗಿ ಕಲನದ ಪ್ರಬಂಧವೊಂದನ್ನು ಹೊರತಂದಾಗ, ಲೈಬ್ನಿಟ್ಸನು ಅದನ್ನು ವಿಮರ್ಶಿಸಿ, ನ್ಯೂಟನ್ನನೇ ತನ್ನಿಂದ ತೆಗೆದುಕೊಂಡನೋ ಎಂಬ ಧ್ವನಿ ಬರುವಂತೆ ಹೆಸರಿಲ್ಲದೆ ಬರೆದು, ಬರೆದವನು ತಾನಲ್ಲವೆಂದನು.

ಮುಂದಿನದು ಬೇಸರ ತರುವ ಕಥೆ, ಬೇಗ ಮುಗಿಸುತ್ತೇನೆ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ನನು ಲೈಬ್ನಿಟ್ಸನಿಗೂ ಇಂಥದೇ ವಿಧಾನ ದೊರೆತಿತ್ತೆಂದು ಉದಾರವಾಗಿ ಒಪ್ಪಿದ್ದನು. 1699ರಲ್ಲಿ ಫಾತ್ಸಿಯೋ ಎಂಬ ಸ್ವಿಸ್ ಗಣಿತಜ್ಞನು ಲೈಬ್ನಿಟ್ಸನ ಮೇಲೆ ಅನುಮಾನದ ಮಾತನ್ನಾಡಿದನು. ಹತ್ತು ವರ್ಷಗಳ ತರುವಾಯ ಕೀಲನು ಅದನ್ನೇ ಬಹಿರಂಗದ ಆಪಾದನೆಯಾಗಿಸಿದನು. ಲೈಬ್ನಿಟ್ಸನು ರಾಯಲ್ ಸೊಸೈಟಿಗೆ ದೂರು ಕೊಟ್ಟದ್ದು 1711ರಲ್ಲಿ. ಅದರ ಫಲವೇ ನಾನು ಹೇಳಿದ ಸಮಿತಿ. ಸಮಿತಿಯ ಕಡತವು ಪುಸ್ತಕರೂಪದಲ್ಲಿ ಹೊರಬಿದ್ದು ಯೂರೋಪಿನಲ್ಲೆಲ್ಲ ಹಂಚಲ್ಪಟ್ಟಿತು. ಆ ಪುಸ್ತಕಕ್ಕೆ 1715ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘವಾದ ಪ್ರಶಂಸಾಪೂರ್ವಕ ವಿಮರ್ಶೆಯೊಂದು ಹೆಸರಿಲ್ಲದೆ ಬಂದಿತು, ಬರೆದವನು ನ್ಯೂಟನ್ನನೇ. ಲೈಬ್ನಿಟ್ಸನ ಒಡೆಯನಾಗಿದ್ದ ಹಾನೋವರಿನ ಪ್ರಭುವು 1714ರಲ್ಲಿ ಒಂದನೆಯ ಜಾರ್ಜ್ ಎಂಬ ಹೆಸರಿನಿಂದ ಬ್ರಿಟನ್ನಿನ ಸಿಂಹಾಸನವನ್ನೇರಿದಾಗ, ರಾಜವಂಶದ ಚರಿತ್ರೆಯನ್ನು ಬರೆದು ಮುಗಿಸೆಂದು ಈ ವೃದ್ಧ ವಿದ್ವಾಂಸನನ್ನು ಹಾನೋವರಿನಲ್ಲಿಯೇ ಬಿಟ್ಟುಹೋದನು. 1716ರ ನವೆಂಬರಿನಲ್ಲಿ ಲೈಬ್ನಿಟ್ಸನು ತೀರಿಕೊಂಡಾಗ ಆಸ್ಥಾನದಿಂದ ಅಂತ್ಯಕ್ರಿಯೆಗೆ ಯಾರೂ ಬರಲಿಲ್ಲ. ವಿರೋಧಿಯ ಮರಣದಿಂದಲೂ ನ್ಯೂಟನ್ನನ ಕೋಪವು ಶಮಿಸಲಿಲ್ಲವೆಂಬುದಕ್ಕೆ 1726ರ ‘ಪ್ರಿನ್ಸಿಪಿಯಾ’ ಸಾಕ್ಷಿ. ಆ ಮೂರನೆಯ ಮುದ್ರಣದಲ್ಲಿ ಲೈಬ್ನಿಟ್ಸನ ಹೆಸರಿದ್ದ ಟಿಪ್ಪಣಿಯನ್ನು ತೆಗೆದುಹಾಕಲಾಯಿತು.

ಇನ್ನು ಸಂಕೇತಗಳ ವಿಚಾರ. ಕರಿಹಲಗೆಯಿಲ್ಲದ ಬಾನುಲಿಯಲ್ಲಿ ಗಣಿತದ ಲಿಪಿಯನ್ನು ವರ್ಣಿಸುವುದು ಕಷ್ಟವಾದರೂ, ವ್ಯಾಜ್ಯದ ನಿಜವಾದ ಸಾರವಿರುವುದು ಇಲ್ಲಿಯೇ ಆದ್ದರಿಂದ ಶ್ರೋತೃಗಳು ಸ್ವಲ್ಪ ಸೈರಿಸಬೇಕು. ನ್ಯೂಟನ್ನನ ಭಾವನೆಯಲ್ಲಿ ಎಲ್ಲ ರಾಶಿಗಳೂ ಕಾಲದೊಡನೆ ಹರಿಯುತ್ತಿರುವ ಪ್ರವಾಹಗಳು. ರಾಶಿಗೆ ಎಕ್ಸ್ ಎಂದು ಹೆಸರಿಟ್ಟರೆ ಅದರ ಹರಿವಿನ ವೇಗಕ್ಕೆ ಅದೇ ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ. ವೇಗದ ವೇಗಕ್ಕೆ ಎರಡು ಚುಕ್ಕೆ. ಮೊದಮೊದಲು ಬೇರೆ ಬೇರೆ ಅಕ್ಷರಗಳನ್ನು ಬಳಸುತ್ತಿದ್ದ ಅವನು ಈ ಚುಕ್ಕೆಗಳಿಗೆ ಬಂದದ್ದು 1690ರ ಆಸುಪಾಸಿನಲ್ಲಿ. ಅವು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1693ರಲ್ಲಿ ವಾಲಿಸನ ಗ್ರಂಥದಲ್ಲಿ. ವಿಲೋಮಕ್ರಿಯೆಗಾಗಿ ಅಕ್ಷರದ ಮೇಲೆ ಸಣ್ಣದೊಂದು ನಿಲುಗೆರೆ ಎಳೆಯುವುದು, ಇಲ್ಲವೇ ಅದರ ಹಿಂದೆ ಒಂದು ಚೌಕವನ್ನು ಬರೆಯುವುದು, ಹೀಗೆ ಅವನ ಪದ್ಧತಿ ಒಂದೇ ತೆರನಾಗಿ ಇರಲಿಲ್ಲ. ಸಂಕೇತವೆಂಬುದು ಅವನ ಪಾಲಿಗೆ ಸ್ವಂತ ಟಿಪ್ಪಣಿಯ ಅನುಕೂಲ ಮಾತ್ರ. ಅವನಂಥ ಬುದ್ಧಿಗೆ ಊರುಗೋಲೇಕೆ?

ಲೈಬ್ನಿಟ್ಸನದು ಬೇರೆಯ ದೃಷ್ಟಿ. ತಕ್ಕ ಚಿಹ್ನೆಯೊಂದು ದೊರೆತರೆ ಅರ್ಧದಷ್ಟು ವಿಚಾರವನ್ನು ಆ ಚಿಹ್ನೆಯೇ ಮಾಡಿಕೊಡುವುದೆಂಬುದು ಅವನ ಜೀವಮಾನದ ನಂಬಿಕೆಯಾಗಿತ್ತು. ಅಸಂಖ್ಯ ರೇಖೆಗಳ ಮೊತ್ತವನ್ನು ಸೂಚಿಸಲು ಅಲ್ಲಿಯವರೆಗೆ ಲ್ಯಾಟಿನ್ನಿನಲ್ಲಿ ‘ಎಲ್ಲ’ ಎಂದರ್ಥ ಬರುವ ಶಬ್ದವನ್ನು ಮೊಟಕುಮಾಡಿ ಬರೆಯುತ್ತಿದ್ದ ಅವನು, 1675ರ ಅಕ್ಟೋಬರ್ 29ರಂದು ಅದನ್ನು ಕೈಬಿಟ್ಟು, ಮೊತ್ತವೆಂಬರ್ಥದ ‘ಸುಮ್ಮ’ ಶಬ್ದದ ಮೊದಲಕ್ಷರವಾದ ಎಸ್ ಅನ್ನು ಮೇಲಕ್ಕೂ ಕೆಳಕ್ಕೂ ನೀಳವಾಗಿ ಎಳೆದನು. ವ್ಯತ್ಯಾಸಕ್ಕೆ ಡಿ ಎಂಬ ಅಕ್ಷರವನ್ನು ಮೊದಲು ಛೇದದಲ್ಲಿಟ್ಟು, ನವೆಂಬರ್ 11ರ ಹೊತ್ತಿಗೆ ರಾಶಿಯ ಎಡಗಡೆಗೆ ತಂದು ಡಿ ಎಕ್ಸ್ ಎಂದು ಬರೆದನು. ಎರಡು ವಾರಗಳೊಳಗೆ ಹುಟ್ಟಿದ ಆ ಎರಡು ಚಿಹ್ನೆಗಳೇ ಇಂದಿಗೂ ಜಗತ್ತಿನ ಪಾಠಶಾಲೆಗಳಲ್ಲಿ ನಡೆಯುತ್ತಿರುವುವು. ಅಚ್ಚುಮೊಳೆ ಜೋಡಿಸುವವನ ಕಷ್ಟವನ್ನೂ ಅವನು ನೆನೆಯುತ್ತಿದ್ದನೆಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ; ಸಾಲಿನ ಮೇಲೆ ಕೆಳಗೆ ಹರಡದೆ ಒಂದೇ ಸಾಲಿನಲ್ಲಿ ಕೂಡುವ ಚಿಹ್ನೆಗಳನ್ನು ಅವನು ಬಯಸಿದನು. ಚುಕ್ಕೆಯಾದರೋ, ಮೊಳೆ ಸವೆದರೆ ಮಾಯವಾಗುವಂಥದು. ಮಸಿಯ ಕಲೆಯೂ ಒಮ್ಮೊಮ್ಮೆ ಚುಕ್ಕೆಯಾಗಿ ನಿಲ್ಲುವುದು.

ಆದರೆ ಅಚ್ಚಿನ ಸೌಕರ್ಯಕ್ಕಿಂತ ದೊಡ್ಡ ಗುಣವೊಂದು ಆ ಡಿಕಾರದಲ್ಲಿದೆ. ಡಿ ವೈ ಬೈ ಡಿ ಎಕ್ಸ್ ಎಂದು ಬರೆದಾಗ ಯಾವುದು ಬದಲಾಗುತ್ತಿದೆ, ಯಾವುದನ್ನನುಸರಿಸಿ ಬದಲಾಗುತ್ತಿದೆ ಎಂಬ ಎರಡೂ ಕಣ್ಣಮುಂದಿರುತ್ತವೆ. ವೈ ಎಂಬುದು ಯು ಎಂಬುದನ್ನೂ, ಯು ಎಂಬುದು ಎಕ್ಸ್ ಎಂಬುದನ್ನೂ ಅವಲಂಬಿಸಿದ್ದರೆ, ಡಿ ವೈ ಬೈ ಡಿ ಯು ಮತ್ತು ಡಿ ಯು ಬೈ ಡಿ ಎಕ್ಸ್ ಇವೆರಡನ್ನೂ ಗುಣಿಸಿದಾಗ ನಡುವಿನ ಡಿ ಯು ಭಿನ್ನರಾಶಿಯಲ್ಲಿ ಹೊಡೆದುಹೋಗುವಂತೆಯೇ ಹೊಡೆದುಹೋಗುತ್ತದೆ. ಅದು ನಿಜವಾಗಿ ಭಿನ್ನರಾಶಿಯಲ್ಲ. ಆದರೂ ಫಲ ಸರಿಯಾಗಿಯೇ ಬರುತ್ತದೆ, ಸಾಮಾನ್ಯ ಬುದ್ಧಿಯ ವಿದ್ಯಾರ್ಥಿಗೂ ಬರುತ್ತದೆ. ಚುಕ್ಕೆಯು ಕಾಲವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಕಂಪಿಸುವ ತಂತಿಯ ಹಾಗೆ ಸ್ಥಳವನ್ನೂ ಕಾಲವನ್ನೂ ಏಕಕಾಲದಲ್ಲಿ ಅವಲಂಬಿಸುವ ರಾಶಿ ಎದುರಾದರೆ ಅದು ಮೂಕವಾಗುತ್ತದೆ. ಲೈಬ್ನಿಟ್ಸನ ಡಿಕಾರವನ್ನಾದರೆ ಸ್ವಲ್ಪ ಬಳುಕಿಸಿ ಹೊಸ ಅಕ್ಷರ ಮಾಡಿಕೊಂಡರೆ ಸಾಕಾಯಿತು. 1786ರಲ್ಲಿ ಲಜಾಂಡ್ರನು ಹಾಗೆಯೇ ಮಾಡಿದನು, 1841ರಲ್ಲಿ ಯಾಕೋಬಿ ಅದನ್ನು ನೆಲೆಗೊಳಿಸಿದನು. ಲಗ್ರಾಂಜನು 1797ರಲ್ಲಿ ಚುಕ್ಕೆ, ಡಿಕಾರ ಎರಡೂ ಬೇಡವೆಂದು, ಅಕ್ಷರದ ಬಲಭುಜದ ಮೇಲೊಂದು ಓರೆಗೀಟನ್ನಿಟ್ಟನು; ಅದೂ ನಮ್ಮ ಪುಸ್ತಕಗಳಲ್ಲಿ ಉಳಿದಿದೆ.

ಲೈಬ್ನಿಟ್ಸನ ಸಂಕೇತವನ್ನು ಹಿಡಿದು ಬೆರ್ನೂಲಿ ಸೋದರರೂ, ಅನಂತರ ಆಯ್ಲರ್, ಲಗ್ರಾಂಜ್, ಲಾಪ್ಲಾಸರೂ ಆಕಾಶಕಾಯಗಳ ಚಲನೆಯನ್ನೂ ದ್ರವಗಳ ಪ್ರವಾಹವನ್ನೂ ಗಣಿತಕ್ಕೆ ಅಧೀನಗೊಳಿಸುತ್ತಿದ್ದಾಗ, ಇಂಗ್ಲೆಂಡು ದೇಶಾಭಿಮಾನದಿಂದ ಚುಕ್ಕೆಯನ್ನಪ್ಪಿಕೊಂಡು ಕುಳಿತಿತ್ತು. ಟೇಲರ್, ಮೆಕ್ಲಾರಿನ್ ಮುಂತಾದ ಸಮರ್ಥರು ಅಲ್ಲಿಯೂ ಇದ್ದರೆಂಬುದನ್ನು ಮರೆಯಬಾರದು. ಹಿಂದುಳಿದದ್ದಕ್ಕೆ ಚುಕ್ಕೆಯೊಂದೇ ಕಾರಣವೆಂಬ ಮಾತೂ ಅತಿರೇಕವೇ. ಚುಕ್ಕೆಯ ಜೊತೆಗೆ ಆಚೆದಡದವರ ಪುಸ್ತಕಗಳನ್ನು ಓದಲೊಲ್ಲದ ಹಟವೂ ಸೇರಿತ್ತು. 1812ರಲ್ಲಿ ಕೇಂಬ್ರಿಜ್ಜಿನಲ್ಲಿ ಬ್ಯಾಬೇಜ್, ಹರ್ಷೆಲ್, ಪೀಕಾಕ್ ಎಂಬ ಎಳೆಯರು ಅನಲಿಟಿಕಲ್ ಸೊಸೈಟಿಯೆಂಬ ಸಂಘವನ್ನು ಕಟ್ಟಿ, 1816ರಲ್ಲಿ ಲಕ್ರ್ವಾ ಎಂಬ ಫ್ರೆಂಚ್ ಗಣಿತಜ್ಞನ ಪಠ್ಯವನ್ನು ಇಂಗ್ಲಿಷಿಗೆ ತಂದರು. ಮರುವರ್ಷ ಪರೀಕ್ಷಕನಾದ ಪೀಕಾಕನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿಯೇ ಡಿಕಾರವನ್ನು ಬರೆದನು. ಪರೀಕ್ಷೆಯಲ್ಲಿ ಬಂದದ್ದನ್ನು ವಿದ್ಯಾರ್ಥಿಗಳು ಕಲಿಯದೆ ಇರುತ್ತಾರೆಯೇ? ಸುಧಾರಣೆ ಪೂರೈಸಿತು. ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ 1857ರಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾಗುವ ವೇಳೆಗೆ ಇಂಗ್ಲಿಷ್ ಪಠ್ಯಗಳಲ್ಲಿ ಚುಕ್ಕೆಯ ಆಳಿಕೆ ಮುಗಿದಿತ್ತಾದ್ದರಿಂದ, ನಮ್ಮ ಹಿರಿಯರು ಇಂಗ್ಲಿಷರ ಪುಸ್ತಕದಿಂದ ಕಲಿತದ್ದು ಜರ್ಮನ್ನನ ಸಂಕೇತವನ್ನು.

ನಮ್ಮ ದೇಶದವರಿಗೆ ಈ ವಿಷಯದಲ್ಲಿ ಪಾಲಿಲ್ಲವೇ ಎಂದು ಕೇಳುವ ಶ್ರೋತೃಗಳಿರುವರೆಂದು ಬಲ್ಲೆ. ಪಾಲುಂಟು. ಭಾಸ್ಕರಾಚಾರ್ಯನು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹದ ತಾತ್ಕಾಲಿಕ ಗತಿಯನ್ನು ಗಣಿಸುವಾಗ ಜ್ಯಾಗಳ, ಎಂದರೆ ಸೈನುಗಳ, ಅಂತರವು ಕೋಟಿಜ್ಯೆಯನ್ನು, ಎಂದರೆ ಕೊಸೈನನ್ನು, ಅನುಸರಿಸುವುದನ್ನು ಬಳಸಿದ್ದಾನೆ. ಅವನು ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ಬಿಜಾಪುರವೇ ಎಂದು ಕೆಲವರೂ, ಅಲ್ಲವೆಂದು ಕೆಲವರೂ ವಾದಿಸುತ್ತಾರೆ. ಆ ವ್ಯಾಜ್ಯವನ್ನು ಇಂದು ಎತ್ತಿಕೊಳ್ಳುವುದಿಲ್ಲ. ಇನ್ನೂ ಮುಂದುವರಿದವರು ಕೇರಳದವರು. ಹದಿನಾಲ್ಕನೆಯ ಶತಮಾನದ ಸಂಗಮಗ್ರಾಮದ ಮಾಧವನಿಗೆ ಪರಿಧಿವ್ಯಾಸಗಳ ಸಂಬಂಧವನ್ನೂ ಜ್ಯಾ ಕೋಟಿಜ್ಯೆಗಳನ್ನೂ ಕೊಡುವ ಅನಂತ ಶ್ರೇಣಿಗಳು ತಿಳಿದಿದ್ದವು. ಯೂರೋಪಿನಲ್ಲಿ ಗ್ರೆಗರಿಗೂ ಲೈಬ್ನಿಟ್ಸನಿಗೂ ಅಂಥವು ದೊರೆತದ್ದು 1670ರ ತರುವಾಯ. ಅವುಗಳ ಉಪಪತ್ತಿಯನ್ನು ಹದಿನಾರನೆಯ ಶತಮಾನದಲ್ಲಿ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಗ್ರಂಥದಲ್ಲಿ ಮಲಯಾಳ ಗದ್ಯದಲ್ಲಿ ಬರೆದಿಟ್ಟನು. ಇವರ ಸಂಕೇತವೂ ವಿಶಿಷ್ಟವಾದುದು: ದೇವತೆಗಳೆಂದರೆ 33, ನೇತ್ರವೆಂದರೆ 2, ಗಜವೆಂದರೆ 8. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಹೇಳುವ ಇದೇ ಭೂತಸಂಖ್ಯೆಯ ಕ್ರಮದಲ್ಲಿ, 900000000000 ವ್ಯಾಸಕ್ಕೆ ಪರಿಧಿ 2827433388233 ಎಂಬುದನ್ನು ಮಾಧವನು ಪದ್ಯದಲ್ಲಿ ಅಡಕಗೊಳಿಸಿದನೆಂದು ಆ ಪರಂಪರೆ ಹೇಳುತ್ತದೆ. ದಶಾಂಶದ 10 ಸ್ಥಾನಗಳವರೆಗೆ ಅದು ಸರಿ. ಬಾಯಿಪಾಠಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿಯಿಲ್ಲ. ಆದರೆ ಪದ್ಯದ ಮೇಲೆ ಕ್ರಿಯೆ ನಡೆಸಿ ಹೊಸ ಫಲವನ್ನು ಪಡೆಯುವುದು ಸಾಧ್ಯವಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕರನಾದ ಚಾರ್ಲ್ಸ್ ವಿಷ್ ಎಂಬವನ ಲೇಖನವು 1834ರಲ್ಲಿ ಅಚ್ಚಾಗುವವರೆಗೆ ಯೂರೋಪಿಗೆ ಈ ಶ್ರೇಣಿಗಳ ಸುದ್ದಿ ಹೆಚ್ಚಾಗಿ ತಲುಪಿರಲಿಲ್ಲ. ಅವು ಅದಕ್ಕೆ ಮೊದಲೇ ಪಶ್ಚಿಮಕ್ಕೆ ಹೋಗಿದ್ದುವೆಂಬ ಊಹೆಗೆ ಸಾಕ್ಷ್ಯಪತ್ರವಾವುದೂ ದೊರೆತಿಲ್ಲ. ಕಲನದ ಮಹಾದ್ವಾರವನ್ನು ಮಾಧವನು ತಲುಪಿದ್ದನೆಂಬುದು ನಿಸ್ಸಂಶಯ; ವಿಲೋಮಸಂಬಂಧದ ಮೇಲೆ ನಿಂತ ಸಾಮಾನ್ಯ ಶಾಸ್ತ್ರವನ್ನು ಕಟ್ಟಿದನೆಂದರೆ ಅದು ಅಭಿಮಾನದ ಮಾತಾಗುತ್ತದೆ.

ನನ್ನ ತೀರ್ಪನ್ನು ಕೇಳುವುದಾದರೆ, ಕಾಲದಲ್ಲಿ ಮೊದಲಿಗನು ನ್ಯೂಟನ್. ಅಚ್ಚಿನಲ್ಲಿ ಮೊದಲಿಗನು ಲೈಬ್ನಿಟ್ಸ್. ಕಳವಿನ ಆಪಾದನೆ ಇಬ್ಬರ ಮೇಲೂ ಸುಳ್ಳು. ಆದರೆ ಈ ವಿದ್ಯೆಯು ಪ್ರತಿಭಾಶಾಲಿಗಳ ಕೈಯಿಂದ ಇಳಿದು, ಇಂಜಿನಿಯರನೂ ವಿದ್ಯಾರ್ಥಿಯೂ ದಿನನಿತ್ಯ ಬಳಸುವ ಉಪಕರಣವಾದುದಕ್ಕೆ ನಾವು ಋಣಿಗಳಾಗಿರಬೇಕಾದದ್ದು ಲೈಬ್ನಿಟ್ಸನಿಗೆ. ನ್ಯೂಟನ್ನನ ಚುಕ್ಕೆಯೂ ಅಳಿದಿಲ್ಲ. ಚಲನಶಾಸ್ತ್ರದಲ್ಲಿ ಕಾಲವನ್ನನುಸರಿಸಿದ ವೇಗಕ್ಕೆ ಒಂದು ಚುಕ್ಕೆ, ವೇಗೋತ್ಕರ್ಷಕ್ಕೆ ಎರಡು ಚುಕ್ಕೆ ಎಂದು ಭೌತವಿಜ್ಞಾನಿಗಳು ಈಗಲೂ ಬರೆಯುತ್ತಾರೆ.